ಬೇಕಲ ಕೋಟೆಯನ್ನು ಕಟ್ಟಿಸಿದವರಾರು?

ಕಾಸರಗೋಡು ಸೀಮೆಯ ಬೇಕಲ ಕಡಲಕೋಟೆಯನ್ನು ಕೆಳದಿಯ ಶಿವಪ್ಪನಾಯಕನೇ ಕಟ್ಟಿಸಿದನೆಂದು ನಮ್ಮ ಲೇಖಕರು ನಿಸ್ಸಂದೇಹವಾಗಿ ಬರೆಯುತ್ತಾರೆ. ಕೆಳದಿಯವರು ವೀರಶೈವ ಅರಸರು. ಆ ಮಾತು ನಮ್ಮ ಕಿವಿಗೆ ಇಂಪು. ಇಂಪಾದುದರಿಂದಲೇ ಅದನ್ನು ಹೆಚ್ಚು ಒರೆಗೆ ಹಚ್ಚಬೇಕಾಗಿದೆ. ಕೆಳದಿಯ ಚರಿತ್ರೆಗೆ ಮುಖ್ಯ ಆಧಾರವಾದ ‘ಕೆಳದಿನೃಪವಿಜಯ’ವು ಲಿಂಗಣ್ಣಕವಿಯ ಚಂಪೂಕಾವ್ಯ, ಶಿವಪ್ಪನಾಯಕನ ಆಳ್ವಿಕೆ (1645–1660) ಮುಗಿದ ಸುಮಾರು ಒಂದು ಶತಮಾನದ ಮೇಲೆ ಹುಟ್ಟಿದುದು. ಅದು ಅನುಪಯುಕ್ತವೆಂದು ನಮ್ಮ ಅಭಿಪ್ರಾಯವಲ್ಲ; ವಂಶಕ್ರಮಕ್ಕೆ ಅದರ ನೆರವು ದೊಡ್ಡದು. ಆದರೆ ಅರಸರ ಚರಿತ್ರೆಗಳಲ್ಲಿ ಬರುವ ‘ಕಟ್ಟಿಸಿದನು’ ಎಂಬ ಕ್ರಿಯಾಪದ ಹೊಸದಾಗಿ ಎತ್ತಿದುದಕ್ಕೂ ಸಲ್ಲುತ್ತದೆ, ಹಳೆಯದನ್ನು ಬಲಪಡಿಸಿದುದಕ್ಕೂ ಸಲ್ಲುತ್ತದೆ. ಕೋಲತ್ತಿರಿ ಅರಸರ ಕಾಲದಲ್ಲಿಯೇ ಅಲ್ಲಿ ಕೋಟೆಯಿತ್ತೆಂಬ ಮಲೆಯಾಳದವರ ವಾದವನ್ನು ನಮ್ಮವರು ಖಂಡಿಸುವುದಿರಲಿ, ಹೆಸರಿಸುವುದೂ ಇಲ್ಲ! ಮುರಕಲ್ಲಿನ ಗೋಡೆ ತಾನಾಗಿ ತೇದಿ ಹೇಳದು. ಹೈದರ, ಟಿಪ್ಪು, 1799ರ ಅನಂತರ ಕಂಪನಿಯವರು, ಹೀಗೆ ಅದು ಹಲವರ ಕೈಗೆ ಸಿಕ್ಕಿದೆ. ಉತ್ಖನನದ ಸಾಕ್ಷ್ಯವನ್ನೂ ಪೋರ್ಚುಗೀಸರ ಸಮಕಾಲೀನ ಕಾಗದಪತ್ರಗಳನ್ನೂ ಕಾವ್ಯದ ಮಗ್ಗುಲಲ್ಲಿಟ್ಟು ನೋಡುವವರೆಗೆ ‘ಕಟ್ಟಿಸಿದನೆಂದು ಪ್ರತೀತಿ’ ಎಂದಷ್ಟೇ ಬರೆಯತಕ್ಕದ್ದು.