ಋಣವೋ, ದಾನವೋ? ಅಪರಾಧಕ್ಕೆ ಈಡಾದವರಿಗೆ ಸರ್ಕಾರದ ನೆರವು: ಒಂದು ವಿಮರ್ಶೆ

ಜೈನ ಆಚಾರ್ಯರು ಹಿಂಸೆಯ ಸ್ವರೂಪವನ್ನು ಬಹು ಸೂಕ್ಷ್ಮವಾಗಿ ವಿವೇಚಿಸಿದ್ದಾರೆ. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂಬ ನಾಲ್ಕು ಬಗೆಗಳನ್ನೂ ಭಾವಹಿಂಸೆ, ದ್ರವ್ಯಹಿಂಸೆಗಳ ಭೇದವನ್ನೂ ಶ್ರಾವಕರು ಬಾಲ್ಯದಿಂದಲೇ ಕೇಳಿ ಬಲ್ಲರು. ಆದರೆ ಈ ವಿವೇಚನೆ ಮುಖ್ಯವಾಗಿ ಹಿಂಸೆಯನ್ನು ಮಾಡಿದವನನ್ನು ಕುರಿತದ್ದು. ಅವನ ಪ್ರಮಾದ, ಅವನ ಕಷಾಯ, ಅವನ ಕರ್ಮಬಂಧ ಇವೇ ಅಲ್ಲಿನ ವಸ್ತು. ಹಿಂಸೆಗೆ ಈಡಾದ ಜೀವಿಯ ವಿಚಾರ ಬರುವುದು ದಯೆಯ ಮತ್ತು ದಾನದ ಪ್ರಕರಣದಲ್ಲಿ. ಜಿನಸೇನಾಚಾರ್ಯರು ಮಹಾಪುರಾಣದಲ್ಲಿ ನಾಲ್ಕು ದತ್ತಿಗಳನ್ನು ಹೇಳುವಾಗ ದಯಾದತ್ತಿಯನ್ನೂ ಸೇರಿಸಿದ್ದಾರೆ. ಭಯಗೊಂಡ ಪ್ರಾಣಿಯ ಭಯವನ್ನು ನೀಗಿಸುವುದೇ ಅದರ ಸಾರ. ಹೀಗೆ ಧರ್ಮಶಾಸ್ತ್ರಕ್ಕೆ ಎರಡು ಅಂಗಗಳಿವೆ: ಒಂದು ಹಿಂಸಕನನ್ನು ತಿದ್ದುವುದು, ಇನ್ನೊಂದು ನೊಂದವನನ್ನು ಎತ್ತಿ ನಿಲ್ಲಿಸುವುದು.

ಆಧುನಿಕ ಭಾರತದ ದಂಡನ್ಯಾಯದಲ್ಲಿ ಮೊದಲನೆಯ ಅಂಗ ಮಾತ್ರ ಬಹುಕಾಲ ಬೆಳೆಯಿತು. ಎರಡನೆಯದು ಕಾನೂನಿನ ಪುಟವನ್ನು ಸೇರಿ ಇನ್ನೂ ಎರಡು ದಶಕವಾಗಿಲ್ಲ. ಅದು ಯಾವ ಭಾವದಿಂದ ಸೇರಿತು, ಆಚರಣೆಯಲ್ಲಿ ಯಾವ ಭಾವವನ್ನು ತಳೆಯಿತು ಎಂಬುದನ್ನು ಪರಿಶೀಲಿಸುವುದು ಅಗತ್ಯ.

ಪ್ರಾಚೀನರ ನಿಲುವು

ಕಳುವಾದ ಸೊತ್ತನ್ನು ಪತ್ತೆ ಮಾಡಿ ಮರಳಿಸಲಾರದ ರಾಜನು ತನ್ನ ಭಂಡಾರದಿಂದಲೇ ಅದನ್ನು ತುಂಬಿಕೊಡಬೇಕೆಂದು ಗೌತಮ ಧರ್ಮಸೂತ್ರವೂ ಕೌಟಿಲ್ಯನ ಅರ್ಥಶಾಸ್ತ್ರವೂ ವಿಧಿಸಿವೆ. ಯಾಜ್ಞವಲ್ಕ್ಯಸ್ಮೃತಿಯು ಇನ್ನೂ ಮುಂದೆ ಹೋಗಿ, ಹಾಗೆ ಕೊಡದ ರಾಜನಿಗೆ ಪಾಪವು ಅಂಟುತ್ತದೆ ಎನ್ನುತ್ತದೆ. ಈ ಸ್ಮೃತಿಗೆ ವಿಜ್ಞಾನೇಶ್ವರನು ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದುದು ಕನ್ನಡ ನಾಡಿನ ಕಲ್ಯಾಣದಲ್ಲಿ ಎಂಬುದು ಸ್ಮರಣೀಯ. ಪ್ರಜೆಯಿಂದ ಕರವನ್ನು ಪಡೆದವನು ರಕ್ಷಣೆಯನ್ನು ಒಪ್ಪಿಕೊಂಡವನು; ರಕ್ಷಣೆ ತಪ್ಪಿದರೆ ಅವನು ಸಾಲಗಾರ. ಇಲ್ಲಿ ಔದಾರ್ಯದ ಮಾತಿಲ್ಲ, ಋಣದ ಮಾತಿದೆ.

ವಸಾಹತುಕಾಲದ ಸಂಹಿತೆಗಳಲ್ಲಿ ಈ ಭಾವ ಮರೆಯಾಯಿತು. ಅಪರಾಧವು ಪ್ರಭುತ್ವದ ವಿರುದ್ಧ ನಡೆದ ಕೃತ್ಯವೆನಿಸಿತು. ನೊಂದವನು ಕೇವಲ ಸಾಕ್ಷಿಯಾದನು. ಅಪರಾಧಿಯಿಂದ ವಸೂಲಾದ ದಂಡದಲ್ಲಿ ಒಂದು ಪಾಲನ್ನು ನೊಂದವನಿಗೆ ಕೊಡಿಸುವ ಅಧಿಕಾರವೇನೋ ನ್ಯಾಯಾಲಯಕ್ಕಿತ್ತು. 1973ರ ದಂಡ ಪ್ರಕ್ರಿಯಾ ಸಂಹಿತೆಯ 357ನೆಯ ಕಲಂ ಅದನ್ನು ಮುಂದುವರಿಸಿತು. ಆದರೆ ಆ ಪಾಲು ಸಿಗಬೇಕಾದರೆ ಅಪರಾಧಿ ಸಿಕ್ಕಬೇಕು, ಅಪರಾಧ ರುಜುವಾತಾಗಬೇಕು, ಅವನ ಕೈಯಲ್ಲಿ ಹಣವೂ ಇರಬೇಕು. ಈ ಮೂರೂ ಕೂಡಿಬರುವುದು ಅಪರೂಪ.

ಕಾನೂನಿನ ತಿರುವು

ಸರ್ಕಾರವೇ ಪರಿಹಾರ ಕೊಡುವ ಕಾನೂನನ್ನು ನ್ಯೂಜಿಲೆಂಡ್ 1963ರಲ್ಲಿ ಮಾಡಿತು. ಮರುವರ್ಷ ಬ್ರಿಟನ್ ಇಂಥ ಯೋಜನೆಯನ್ನು ತಂದಿತು. 1985ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯು ಅಪರಾಧಕ್ಕೆ ಈಡಾದವರ ನ್ಯಾಯದ ಬಗ್ಗೆ ಘೋಷಣೆಯನ್ನು ಅಂಗೀಕರಿಸಿತು. ಭಾರತದಲ್ಲಿ ಈ ವಿಚಾರವನ್ನು ದೃಢವಾಗಿ ಮಂಡಿಸಿದವರಲ್ಲಿ ಕರ್ನಾಟಕದ ನ್ಯಾಯಮೂರ್ತಿ ವಿ. ಎಸ್. ಮಳಿಮಠರು ಪ್ರಮುಖರು. ಅವರ ಅಧ್ಯಕ್ಷತೆಯಲ್ಲಿ 2000ರಲ್ಲಿ ನೇಮಕವಾದ ಸಮಿತಿಯು 2003ರಲ್ಲಿ ವರದಿಯನ್ನು ಸಲ್ಲಿಸಿತು. ಅಪರಾಧಿ ಸಿಗಲಿ, ಸಿಗದಿರಲಿ, ಅವನಿಗೆ ಶಿಕ್ಷೆಯಾಗಲಿ, ಬಿಡುಗಡೆಯಾಗಲಿ, ಗಂಭೀರ ಅಪರಾಧಗಳಲ್ಲಿ ನೊಂದವರಿಗೆ ಪರಿಹಾರ ನೀಡುವುದು ರಾಜ್ಯದ ಹೊಣೆ ಎಂದು ಅದು ಸ್ಪಷ್ಟವಾಗಿ ಸಾರಿತು.

ಅದೇ ವರದಿಯು ಅಪರಾಧವನ್ನು ರುಜುವಾತುಪಡಿಸಲು ಬೇಕಾದ ಪ್ರಮಾಣವನ್ನು ಸಡಿಲಿಸಬೇಕೆಂದೂ ಸೂಚಿಸಿತು. ನಿರಪರಾಧಿಯು ಶಿಕ್ಷೆಗೆ ಗುರಿಯಾದಾನೆಂಬ ಕಾರಣದಿಂದ ಈ ಸೂಚನೆ ತೀವ್ರ ಟೀಕೆಗೆ ಒಳಗಾಯಿತು. ಅದು ಯುಕ್ತವೇ ಆಗಿತ್ತು. ಆರೋಪಿಯ ರಕ್ಷಣೆಯನ್ನು ಕಡಿಮೆ ಮಾಡಿದ ಮಾತ್ರಕ್ಕೆ ನೊಂದವನ ಗಾಯ ಮಾಯುವುದಿಲ್ಲ. ನೊಂದವನ ಮೇಲಿನ ಅನುಕಂಪವು ಆರೋಪಿಯ ಮೇಲಿನ ದ್ವೇಷವಾಗಿ ಮಾರ್ಪಟ್ಟರೆ ಅದೂ ಕಷಾಯವೇ.

ಸಮಿತಿಯ ಮೊದಲ ಮಾತು ಮಾತ್ರ ಫಲಿಸಿತು. ಸಂಹಿತೆಗೆ ಸೇರಿದ 357ಎ ಕಲಮು 2009ರ ಡಿಸೆಂಬರ್ 31ರಂದು ಜಾರಿಗೆ ಬಂದು, ಪ್ರತಿಯೊಂದು ರಾಜ್ಯವೂ ಪರಿಹಾರ ಯೋಜನೆಯನ್ನು ರೂಪಿಸಬೇಕೆಂದು ವಿಧಿಸಿತು. ಕರ್ನಾಟಕದ ಯೋಜನೆ 2011ರದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇದೇ ವ್ಯವಸ್ಥೆ 396ನೆಯ ಕಲಮಾಗಿ ಉಳಿದಿದೆ. ಈ ವ್ಯವಸ್ಥೆಯನ್ನು ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನದ ಒರೆಗಲ್ಲಿಗೆ ಹಚ್ಚಿ ನೋಡಬಹುದು.

ಆಹಾರ

ದುಡಿಯುವ ವ್ಯಕ್ತಿ ಕೊಲೆಯಾದಾಗ, ಅಥವಾ ಕೈಕಾಲು ಕಳೆದುಕೊಂಡು ಮಲಗಿದಾಗ, ಮನೆಯ ಮೊದಲ ಚಿಂತೆ ಅನ್ನದ್ದು. ಅಪರಾಧಿ ಪತ್ತೆಯಾಗದೆ ವಿಚಾರಣೆಯೇ ನಡೆಯದಿದ್ದರೂ ಸಂತ್ರಸ್ತರು ಜಿಲ್ಲಾ ಅಥವಾ ರಾಜ್ಯ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. ಪ್ರಾಧಿಕಾರವು 2 ತಿಂಗಳಲ್ಲಿ ವಿಚಾರಣೆ ಮುಗಿಸಿ ಪರಿಹಾರವನ್ನು ನೀಡಬೇಕು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಅಗತ್ಯವಿದ್ದಲ್ಲಿ ಮಧ್ಯಂತರ ಪರಿಹಾರವನ್ನು ಕೊಡಿಸುವುದು ನ್ಯಾಯಾಲಯಗಳ ಕರ್ತವ್ಯವೆಂದಿತು. ಇವೆಲ್ಲ ಶ್ಲಾಘ್ಯವೇ. ಆದರೆ ಕಲಮಿನ ಮಾತನ್ನು ಗಮನಿಸಬೇಕು: ನಷ್ಟ ಅಥವಾ ಗಾಯಕ್ಕೆ ಒಳಗಾದ, ಹಾಗೂ ಪುನರ್ವಸತಿಯ ಅಗತ್ಯವುಳ್ಳ ಸಂತ್ರಸ್ತರಿಗೆ ಪರಿಹಾರ. ಎರಡನೆಯ ವಿಶೇಷಣದಿಂದಾಗಿ ನೊಂದವನು ತನ್ನ ನೋವಿನ ಜೊತೆಗೆ ತನ್ನ ದೈನ್ಯವನ್ನೂ ಸಾಬೀತುಪಡಿಸಬೇಕಾಗುತ್ತದೆ. ಋಣದ ಹೆಸರಿನಲ್ಲಿ ಆರಂಭವಾದುದು ಇಲ್ಲಿ ಭಿಕ್ಷೆಯ ರೂಪಕ್ಕೆ ಇಳಿಯುತ್ತದೆ.

ಇದಕ್ಕೆ ಬೇರೆ ದಾರಿ ಇಲ್ಲವೆನ್ನುವಂತಿಲ್ಲ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯ ತಡೆಯ 1995ರ ನಿಯಮಗಳು, ತಕ್ಷಣದ ನೆರವನ್ನು 7 ದಿನಗಳೊಳಗೆ ಒದಗಿಸುವ ಹೊಣೆಯನ್ನು ಜಿಲ್ಲಾ ಆಡಳಿತದ ಮೇಲೆ ಹೊರಿಸಿವೆ. ಅಲ್ಲಿ ಸರ್ಕಾರವು ನೊಂದವರ ಮನೆಗೆ ಹೋಗಬೇಕು. ಇಲ್ಲಿ ನೊಂದವರು ಸರ್ಕಾರದ ಬಾಗಿಲಿಗೆ ಬರಬೇಕು.

ಹಣದ ಮೂಲವೂ ವಿಚಾರಾರ್ಹ. ಅಮೆರಿಕದಲ್ಲಿ 1984ರ ಕಾಯಿದೆಯು ಸಂಯುಕ್ತ ಸರ್ಕಾರದ ನ್ಯಾಯಾಲಯಗಳಲ್ಲಿ ವಸೂಲಾಗುವ ದಂಡದ ಹಣದಿಂದ ಒಂದು ನಿಧಿಯನ್ನು ಸ್ಥಾಪಿಸಿತು. ದಂಡ ಕುಗ್ಗಿದರೆ ನಿಧಿಯೂ ಕುಗ್ಗುತ್ತದೆ. ಭಾರತದಲ್ಲಿ ಮುಖ್ಯ ಆಧಾರ ರಾಜ್ಯಗಳ ಆಯವ್ಯಯ. 2013ರಲ್ಲಿ ಕೇಂದ್ರವು 1,000 ಕೋಟಿ ರೂಪಾಯಿಗಳ ನಿರ್ಭಯಾ ನಿಧಿಯನ್ನು ಘೋಷಿಸಿತು. 2015ರಲ್ಲಿ ಕೇಂದ್ರ ಸಂತ್ರಸ್ತರ ಪರಿಹಾರ ನಿಧಿಯನ್ನು ಸ್ಥಾಪಿಸಿ, ರಾಜ್ಯಗಳಿಗೆ ಒಂದು ಬಾರಿಯ ನೆರವಾಗಿ 200 ಕೋಟಿ ರೂಪಾಯಿಗಳನ್ನು ಕೊಟ್ಟಿತು. ಅಪರಾಧವು ವರ್ಷವರ್ಷವೂ ನಡೆಯುವಂಥದು. ಒಂದು ಬಾರಿಯ ನೆರವು ಅದಕ್ಕೆ ಸಾಟಿಯಾಗದು.

ಔಷಧ

2013ರ ತಿದ್ದುಪಡಿಯು ಆಮ್ಲದಾಳಿ ಮತ್ತು ಅತ್ಯಾಚಾರಕ್ಕೆ ಈಡಾದವರಿಗೆ ಸರ್ಕಾರಿ, ಖಾಸಗಿ ಎಂಬ ಭೇದವಿಲ್ಲದೆ ಎಲ್ಲ ಆಸ್ಪತ್ರೆಗಳೂ ಕೂಡಲೇ ಉಚಿತ ಚಿಕಿತ್ಸೆ ನೀಡಬೇಕೆಂದು ವಿಧಿಸಿ, ನಿರಾಕರಿಸುವುದನ್ನು ಶಿಕ್ಷಾರ್ಹಗೊಳಿಸಿತು. ಅದೇ ವರ್ಷ ಲಕ್ಷ್ಮಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆಮ್ಲದಾಳಿಯ ಸಂತ್ರಸ್ತರಿಗೆ ಕನಿಷ್ಠ 3 ಲಕ್ಷ ರೂಪಾಯಿಗಳ ಪರಿಹಾರವನ್ನು ನಿಗದಿಪಡಿಸಿ, ಅದರಲ್ಲಿ 1 ಲಕ್ಷವನ್ನು 15 ದಿನಗಳಲ್ಲಿ ಕೊಡಬೇಕೆಂದಿತು. ಸುಟ್ಟ ಚರ್ಮಕ್ಕೆ ಒಂದೇ ಶಸ್ತ್ರಚಿಕಿತ್ಸೆ ಸಾಲದು; ಅದು ವರ್ಷಗಟ್ಟಲೆ ನಡೆಯುವ ಕಾರ್ಯ. 2018ರಲ್ಲಿ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರವು ಮಹಿಳೆಯರಿಗಾಗಿ ರೂಪಿಸಿದ ಯೋಜನೆಯು ಮೊತ್ತಗಳನ್ನು ಹೆಚ್ಚಿಸಿತು. ಆದರೆ ಸಾಮಾನ್ಯವಾಗಿ ಶೇಕಡ 75ರಷ್ಟನ್ನು ಕನಿಷ್ಠ 3 ವರ್ಷಗಳ ಮುದ್ದತು ಠೇವಣಿಯಲ್ಲಿಟ್ಟು, ಉಳಿದ ಶೇಕಡ 25ನ್ನು ಮಾತ್ರ ಕೈಗೆ ಕೊಡಬೇಕೆಂದಿತು. ಹಣವು ಬಂಧುಗಳ ಪಾಲಾಗಬಾರದೆಂಬ ಕಾಳಜಿ ಇದರ ಹಿಂದಿರಬಹುದು. ಆದರೂ ಇಂದು ಬೇಕಾದ ಔಷಧವು 3 ವರ್ಷ ಕಾಯಲಾರದು.

ಶಾಸ್ತ್ರ

ಶಾಸ್ತ್ರದಾನವೆಂದರೆ ತಿಳಿವಿನ ದಾನ. ಮೊಕದ್ದಮೆ ಎಲ್ಲಿಗೆ ಬಂತೆಂಬ ತಿಳಿವಿಲ್ಲದೆ ಠಾಣೆಗೂ ಕಚೇರಿಗೂ ಅಲೆಯುವುದು ನೊಂದವರ ಪಾಲಿನ ಎರಡನೆಯ ನೋವು. ತನಿಖೆಯ ಪ್ರಗತಿಯನ್ನು 90 ದಿನಗಳೊಳಗೆ ದೂರುದಾರನಿಗೆ ಅಥವಾ ಸಂತ್ರಸ್ತನಿಗೆ ತಿಳಿಸಬೇಕೆಂದೂ, ಸರ್ಕಾರ ಮೊಕದ್ದಮೆಯನ್ನು ಹಿಂತೆಗೆದುಕೊಳ್ಳುವ ಮೊದಲು ಸಂತ್ರಸ್ತನ ಮಾತನ್ನು ನ್ಯಾಯಾಲಯ ಕೇಳಬೇಕೆಂದೂ ಹೊಸ ಸಂಹಿತೆ ವಿಧಿಸಿದೆ. ಇದು ನಿಜವಾದ ಮುನ್ನಡೆ. ಆದರೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ 12ನೆಯ ಕಲಮಿನಲ್ಲಿ ಉಚಿತ ಕಾನೂನು ನೆರವಿಗೆ ಅರ್ಹರಾದವರ ಪಟ್ಟಿಯಲ್ಲಿ ಬಂಧನದಲ್ಲಿರುವವರಿದ್ದಾರೆ, ಮಹಿಳೆಯರು, ಮಕ್ಕಳು, ಅಂಗವಿಕಲರಿದ್ದಾರೆ. ‘ಅಪರಾಧಕ್ಕೆ ಈಡಾದವರು’ ಎಂಬ ವರ್ಗವೇ ಇಲ್ಲ. ಬಂಧಿತನಿಗೆ ವಕೀಲನನ್ನು ಒದಗಿಸುವುದು ಧರ್ಮವೇ. ಹಲ್ಲೆಗೆ ಒಳಗಾಗಿ ಹಾಸಿಗೆ ಹಿಡಿದ ಸಾಧಾರಣ ಆದಾಯದ ಗೃಹಸ್ಥನನ್ನು ಅದೇ ಪಟ್ಟಿಗೆ ಸೇರಿಸಲು ಅಡ್ಡಿಯೇನು?

ಅಭಯ

ದಾನಗಳಲ್ಲಿ ಶ್ರೇಷ್ಠವಾದುದು ಅಭಯದಾನ. 2018ರ ಸಾಕ್ಷಿ ಸಂರಕ್ಷಣಾ ಯೋಜನೆಯನ್ನು ಸರ್ವೋಚ್ಚ ನ್ಯಾಯಾಲಯವು ಕಾನೂನಿನಂತೆಯೇ ಪಾಲಿಸಬೇಕೆಂದು ಆದೇಶಿಸಿತು; ಪ್ರತಿಯೊಂದು ರಾಜ್ಯವೂ ಇಂಥ ಯೋಜನೆಯನ್ನು ಮಾಡಬೇಕೆಂದು ಹೊಸ ಸಂಹಿತೆಯ 398ನೆಯ ಕಲಂ ಹೇಳುತ್ತದೆ. 2018ರ ಯೋಜನೆಯಂತೆ ರಕ್ಷಣೆಯ ಅವಧಿ ಒಂದು ಬಾರಿಗೆ 3 ತಿಂಗಳನ್ನು ಮೀರುವಂತಿಲ್ಲ, ಅಪಾಯದ ವರದಿಯನ್ನು ಸಿದ್ಧಪಡಿಸುವವರು ಪೊಲೀಸರು. ನೊಂದವರೂ ಆರೋಪಿಯೂ ಒಂದೇ ಕೇರಿಯಲ್ಲಿ ವಾಸಿಸುವ, ಒಂದೇ ಬಾವಿಯ ನೀರನ್ನು ಸೇದುವ ಊರಿನಲ್ಲಿ ಭಯಕ್ಕೆ 3 ತಿಂಗಳ ಮಿತಿ ಇರುವುದಿಲ್ಲ. ರಕ್ಷಣೆಯನ್ನು ಮುಂದುವರಿಸಬೇಕಾದಾಗ ಅದರ ಹೊರೆ ಮತ್ತೆ ನೊಂದವರ ಮೇಲೆ ಬೀಳದಂತೆ ನೋಡಿಕೊಳ್ಳಬೇಕಾದುದು ನ್ಯಾಯ.

ಎರಡು ಆಕ್ಷೇಪಗಳು

ಪರಿಹಾರದ ಆಸೆಯಿಂದ ಸುಳ್ಳು ದೂರುಗಳು ಹೆಚ್ಚುವುವೆಂಬುದು ಒಂದು ಆಕ್ಷೇಪ. ದೂರು ಸುಳ್ಳೆಂದು ತೀರ್ಮಾನವಾದರೆ ಹಣವನ್ನು ಹಿಂಪಡೆಯುವ ಅವಕಾಶ 2018ರ ಯೋಜನೆಯಲ್ಲಿಯೇ ಇದೆ. ಒಬ್ಬ ಕಪಟಿಯ ಸಲುವಾಗಿ ನಿಜವಾಗಿ ನೊಂದವರ ಬಾಗಿಲನ್ನು ಮುಚ್ಚುವುದು ವಿವೇಕವಲ್ಲ.

ಇನ್ನೊಂದು ಆಕ್ಷೇಪ ಸಮಾಜದೊಳಗಿನದು: ನೊಂದವನು ತನ್ನ ಪೂರ್ವಕರ್ಮದ ಫಲವನ್ನು ಉಣ್ಣುತ್ತಿದ್ದಾನೆ, ಅದಕ್ಕೆ ಇತರರು ಏನು ಮಾಡಬಲ್ಲರು ಎಂಬುದು. ಇದು ಕರ್ಮಸಿದ್ಧಾಂತದ ಅಪಾರ್ಥ. ಪ್ರಶಮ, ಸಂವೇಗ, ಆಸ್ತಿಕ್ಯಗಳ ಜೊತೆಗೆ ಅನುಕಂಪವನ್ನೂ ಸಮ್ಯಕ್ತ್ವದ ಲಕ್ಷಣವೆಂದು ಆಚಾರ್ಯರು ಎಣಿಸಿದ್ದಾರೆ. ಅಸಾತಾ ವೇದನೀಯದ ಉದಯವು ನೋಯುವವನ ವಿಷಯ. ಅದನ್ನು ಕಂಡು ಸುಮ್ಮನಿರುವ ನಿಷ್ಠುರತೆಯಿಂದಾಗುವ ಬಂಧ ನೋಡುವವನದು. ಕರ್ಮದ ಮಾತನ್ನು ತನ್ನ ದೋಷವನ್ನು ಅರಿಯಲು ಬಳಸಬೇಕಲ್ಲದೆ ಅನ್ಯರ ದುಃಖವನ್ನು ಸಮರ್ಥಿಸಲು ಬಳಸಬಾರದು.

ಆಗಬೇಕಾದುದು

ಮೊದಲನೆಯದಾಗಿ, ಗಂಭೀರ ಅಪರಾಧದ ಪ್ರಥಮ ವರ್ತಮಾನ ವರದಿ ದಾಖಲಾದೊಡನೆ ಅದರ ಒಂದು ಪ್ರತಿ ಠಾಣೆಯಿಂದ ನೇರವಾಗಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅದನ್ನೇ ಪರಿಹಾರದ ಅರ್ಜಿಯೆಂದು ಎಲ್ಲ ಪ್ರಕರಣಗಳಲ್ಲಿಯೂ ಭಾವಿಸುವಂತಾಗಬೇಕು. ಎರಡನೆಯದಾಗಿ, ಪರಿಹಾರದ ಹಣವು ಸಂಬಳ, ಪಿಂಚಣಿಗಳಂತೆ ಆಯವ್ಯಯದಲ್ಲಿ ತಪ್ಪದೆ ಮೀಸಲಾಗಬೇಕು. ಮೂರನೆಯದಾಗಿ, ಚಿಕಿತ್ಸೆಗೆಂದು ಕೇಳಿದ ಹಣ ಠೇವಣಿಯಲ್ಲಿ ಸಿಕ್ಕಿಕೊಳ್ಳಬಾರದು.

ಶ್ರಾವಕ ಸಮಾಜಕ್ಕೂ ಇಲ್ಲಿ ಕೆಲಸವಿದೆ. ಮಹಿಳೆಯರಿಗಾಗಿ ರೂಪಿಸಿದ ಯೋಜನೆಯ ನಿಧಿಯು ಸಾರ್ವಜನಿಕರ ವಂತಿಗೆಯನ್ನೂ ಸ್ವೀಕರಿಸುತ್ತದೆ. ಬಸದಿಗಳ, ವಿದ್ಯಾರ್ಥಿನಿಲಯಗಳ ಆಡಳಿತ ಮಂಡಳಿಗಳಲ್ಲಿ ವಕೀಲರಿದ್ದಾರೆ, ವೈದ್ಯರಿದ್ದಾರೆ, ಲೆಕ್ಕಪತ್ರ ಬಲ್ಲವರಿದ್ದಾರೆ. ಅರ್ಜಿ ಬರೆದುಕೊಡುವುದು, ಕಚೇರಿಗೆ ಜೊತೆಯಲ್ಲಿ ಹೋಗುವುದು, ಅನಾಥವಾದ ಮನೆಯ ಮಗುವಿನ ಶಾಲೆ ನಿಲ್ಲದಂತೆ ನೋಡಿಕೊಳ್ಳುವುದು ಅವರಿಗೆ ಅಸಾಧ್ಯವೇನಲ್ಲ. ಆದರೆ ಸಮಾಜ ಕೊಡುವುದು ದಾನ, ಸರ್ಕಾರ ಕೊಡುವುದು ಋಣ. ದಾನವು ಬಂತೆಂದು ಋಣವು ತೀರುವುದಿಲ್ಲ. ನೊಂದವನು ತಲೆಯೆತ್ತಿ ಕೇಳಬಲ್ಲ ಹಕ್ಕಾಗಿಯೇ ಅದು ಉಳಿಯಬೇಕು.