ದೇವಿಯ ಆಕಳಿಕೆ

ನನ್ನ ತವರುಮನೆ ನರಗುಂದ, ಕೊಟ್ಟ ಮನೆ ಗಜೇಂದ್ರಗಡ, ಮಕ್ಕಳಿಗೆ ಕನ್ನಡ ಕಲಿಸಿದ್ದು ರೋಣದಲ್ಲಿ. ಈ ಮೂರೂರುಗಳ ನಡುವಿನ ಬಸ್ಸಿನಲ್ಲಿಯೇ ನನ್ನ ಅರ್ಧ ಓದು ಮುಗಿಯಿತೆಂದರೆ ಸುಳ್ಳಲ್ಲ. ಗಿರೀಶ ಕಾರ್ನಾಡರ ‘ಹಯವದನ’ವನ್ನು ನಾನು ಓದಿದ್ದೂ ಹಾಗೆಯೇ. 1971ರ ಆ ನಾಟಕವನ್ನು ‘ಪೂರ್ಣತೆಗಾಗಿ ಮನುಷ್ಯನ ಹಂಬಲ’ ಎಂಬ ಒಂದು ಸಾಲಿನಲ್ಲಿ ಮಕ್ಕಳಿಗೆ ಹೇಳಿ ಮುಗಿಸುತ್ತಿದ್ದೆ. ಹೋದ ವರ್ಷ ತಮ್ಮನ ಮಗಳ ಕೆನ್ನೆಯ ಮಾತು ಮನೆಯಲ್ಲಿ ಎದ್ದಾಗ ಅದೇ ನಾಟಕವನ್ನು ಮತ್ತೆ ತೆಗೆದು ಓದಿದೆ. ಈ ಸಲ ಅದು ನನಗೆ ಬೇರೆಯಾಗಿಯೇ ಕಂಡಿತು.

ಕೆನ್ನೆಯ ಮಾತನ್ನು ಮೊದಲು ಹೇಳಬೇಕು. ಆ ಹುಡುಗಿ ಹತ್ತು ವರ್ಷದವಳಿದ್ದಾಗ ಬೇಸಿಗೆ ಸೂಟಿಗೆ ನಮ್ಮಲ್ಲಿ ಬಂದಿದ್ದಳು. ಕಾಲಕಾಲೇಶ್ವರಕ್ಕೆ ಹೊರಟ ಚಕ್ಕಡಿಯಿಂದ ಬಿದ್ದು ಎಡಗೆನ್ನೆ ಹರಿಯಿತು. ಗಾಯ ಕೀವಾಯಿತು. ಒಣಗುವಾಗ ಚರ್ಮ ಒಳಗೆ ಅಂಟಿಕೊಂಡು ಅಲ್ಲೊಂದು ಕುಳಿ ಉಳಿಯಿತು. ಅವಳನ್ನು ಚಕ್ಕಡಿಯ ಅಂಚಿಗೆ ಕೂರಿಸಿದವಳು ನಾನು. ಇದನ್ನು ನಮ್ಮ ಮನೆಯಲ್ಲಿ ಯಾರೂ ಎತ್ತಿ ಆಡಿಲ್ಲ. ಆಡಿದ್ದರೆ ನನಗೆ ಇಷ್ಟು ಭಾರವಾಗುತ್ತಿರಲಿಲ್ಲವೇನೋ.

ಆಕೆಗೆ ಗಂಡು ಗೊತ್ತಾಯಿತು. ತಮ್ಮನ ಹೆಂಡತಿ ಒಂದು ದಿನ ಸೆರಗಿನಲ್ಲಿ ಮಡಚಿದ ಕಾಗದವೊಂದನ್ನು ತಂದು ನನ್ನ ಮುಂದೆ ಹಿಡಿದಳು.

“ಅಕ್ಕಾರ, ಒಂದ ತಾಸಿನ ಕೆಲಸ ಅಂತ. ಹೊಟ್ಟಿ ಕೊಬ್ಬು ತಗದು ಕೆನ್ನಿಗೆ ತುಂಬತಾರಂತ. ಮುಂದಿನ ತಿಂಗಳು ನಿಶ್ಚಯ ಐತಿ. ಯಾರಿಗೂ ಹೇಳೂದು ಬ್ಯಾಡ, ಬೆಂಗಳೂರಿಗೆ ಹೋಗಿ ಮುಗಿಸಿಕೊಂಡು ಬಂದುಬಿಡೂಣು.”

ಅದು ದೊಡ್ಡ ಊರಿನ ಯಾವುದೋ ಕ್ಲಿನಿಕ್ಕಿನ ಜಾಹೀರಾತು. ನಾನು ಭಾಷೆ ಕಲಿಸಿದವಳು. ಯಾವ ಕಾಗದ ಕೈಗೆ ಬಂದರೂ ಮೊದಲು ಕ್ರಿಯಾಪದ ನೋಡುವ ಚಟ. ತುಂಬುತ್ತೇವೆ, ತಿದ್ದುತ್ತೇವೆ, ಕರಗಿಸುತ್ತೇವೆ, ಮರಳಿ ಕಳಿಸುತ್ತೇವೆ. ಎಲ್ಲವೂ ಮಾಡುವವರ ಕ್ರಿಯಾಪದಗಳೇ. ಮಾಡಿಸಿಕೊಂಡ ಮೈಯ ಕ್ರಿಯಾಪದ ಒಂದೂ ಇರಲಿಲ್ಲ. ನೋಯುತ್ತದೆ, ಬಾಯುತ್ತದೆ, ಕಂದುತ್ತದೆ, ನಿಧಾನವಾಗಿ ಮಾಯುತ್ತದೆ ಎಂದು ಎಲ್ಲಿಯೂ ಇಲ್ಲ. ಅಡಿಗೆ ಪುಸ್ತಕದಲ್ಲಿಯೂ ‘ಆರಲು ಬಿಡಿ’ ಎಂಬ ಮಾತು ಇರುತ್ತದೆ. ಇಲ್ಲಿ ಅದೂ ಇಲ್ಲ!

ಆ ರಾತ್ರಿಯೇ ‘ಹಯವದನ’ ತೆಗೆದದ್ದು. ಕಥೆ ನಿಮಗೆ ಗೊತ್ತಿದ್ದದ್ದೇ. ದೇವದತ್ತ ಬುದ್ಧಿವಂತ, ಕವಿ. ಕಪಿಲ ಕಮ್ಮಾರನ ಮಗ, ಗಟ್ಟಿ ಮೈಯವ. ದೇವದತ್ತನ ಹೆಂಡತಿ ಪದ್ಮಿನಿಯ ಮನಸ್ಸು ಕಪಿಲನ ಮೈಯತ್ತ ಹೊರಳುತ್ತದೆ. ಗೆಳೆಯರಿಬ್ಬರೂ ಕಾಳಿಯ ಗುಡಿಯಲ್ಲಿ ತಲೆ ಕಡಿದುಕೊಳ್ಳುತ್ತಾರೆ. ಪದ್ಮಿನಿಯೂ ಸಾಯಲು ಹೊರಟಾಗ ದೇವಿ ಎಚ್ಚರಾಗುತ್ತಾಳೆ. ಎಚ್ಚರವೆಂದರೆ ಪೂರ್ತಿ ಎಚ್ಚರವಲ್ಲ. ಆಕೆಗೆ ನಿದ್ದೆಗಣ್ಣು, ಆಕಳಿಕೆ, ಬೇಗ ಮುಗಿದರೆ ಸಾಕೆಂಬ ಬೇಸರ. ತಲೆ ಜೋಡಿಸು ಎಂದು ಪದ್ಮಿನಿಗೇ ಒಪ್ಪಿಸಿಬಿಡುತ್ತಾಳೆ. ಗಡಿಬಿಡಿಯಲ್ಲಿ ತಲೆಗಳು ಅದಲುಬದಲಾಗುತ್ತವೆ. ಇಬ್ಬರೂ ಏಳುತ್ತಾರೆ, ಕೂಡಲೇ ನಡೆದಾಡುತ್ತಾರೆ, ಜಗಳಕ್ಕೂ ಬೀಳುತ್ತಾರೆ.

ವಿಮರ್ಶಕರು ಈ ದೃಶ್ಯದಲ್ಲಿ ಪದ್ಮಿನಿಯ ಆಸೆಯನ್ನು ಬಹಳ ಚರ್ಚಿಸಿದ್ದಾರೆ. ದೇವಿಯ ಅವಸರವನ್ನು ನಾವು ನಕ್ಕು ಮರೆಯುತ್ತೇವೆ. ನನಗೆ ಈಗ ಅನಿಸುವುದೇ ಬೇರೆ. ಆ ಗುಡಿಯಲ್ಲಿ ನಡೆದದ್ದು ಒಂದು ಶಸ್ತ್ರಕ್ರಿಯೆ. ಅದನ್ನು ಬಲ್ಲವಳು ಆಕಳಿಸುತ್ತಿದ್ದಳು, ಅರಿಯದವಳ ಕೈಯಲ್ಲಿ ಕೆಲಸವಿತ್ತು. ತಪ್ಪು ಮಾತ್ರ ಅರಿಯದವಳ ಹೆಸರಿಗೆ ಹತ್ತಿತು. ಕೊನೆಗೆ ಚಿತೆ ಏರುವವಳೂ ಅವಳೇ. ನಾಟಕದ ಮೇಲೆ ನನ್ನ ತಕರಾರೊಂದಿದೆ: ಇಷ್ಟು ದೊಡ್ಡ ಗಾಯಕ್ಕೆ ಅಲ್ಲಿ ಮಾಯುವ ಕಾಲವೇ ಇಲ್ಲ. ಕುತ್ತಿಗೆಯ ನೋವು ಯಾರಿಗೂ ಇಲ್ಲ. ಜಾಹೀರಾತಿನಲ್ಲಿ ಕಾಣೆಯಾದ ಕ್ರಿಯಾಪದಗಳು ಈ ದೃಶ್ಯದಲ್ಲಿಯೂ ಕಾಣೆ.

ಆದರೆ ಕಾರ್ನಾಡರು ಜಾಹೀರಾತಿನವರಲ್ಲ. ಮೈಗೆ ತನ್ನದೇ ಕಾಲವಿದೆ ಎಂಬುದನ್ನು ಅವರು ಮುಂದಿನ ಅಂಕದಲ್ಲಿ ತೋರಿಸುತ್ತಾರೆ. ದೇವದತ್ತನಿಗೆ ಬಂದ ಕಪಿಲನ ಒರಟು ಕೈ ದಿನಗಳೆದಂತೆ ಮೆತ್ತಗಾಗುತ್ತದೆ. ಅದನ್ನು ಮೊದಲು ಹಿಡಿಯುವವು ಮನೆಯ ಗೊಂಬೆಗಳು. ಅತ್ತ ಕಾಡಿನಲ್ಲಿ ಕಪಿಲ ದೇವದತ್ತನ ಮೆದು ಮೈಯನ್ನು ದುಡಿಸಿ ದುಡಿಸಿ ಗಟ್ಟಿ ಮಾಡಿಕೊಂಡಿರುತ್ತಾನೆ. ಪದ್ಮಿನಿಗೆ ಸಿಕ್ಕದ್ದು ಕೆಲವು ದಿನದ ಸುಖ ಮಾತ್ರ.

ಕೊಬ್ಬಿನ ಕಸಿಯ ವಿಷಯ ತಿಳಿದುಕೊಂಡಾಗ ನನಗೆ ಈ ಅಂಕ ನೆನಪಾಯಿತು. ಹೊಟ್ಟೆಯಿಂದಲೋ ತೊಡೆಯಿಂದಲೋ ಸಣ್ಣ ಕೊಳವೆಯಲ್ಲಿ ಕೊಬ್ಬನ್ನು ಹೀರಿ, ಶುದ್ಧ ಮಾಡಿ, ಬೇಕಾದಲ್ಲಿ ಹನಿ ಹನಿಯಾಗಿ ಇಡುತ್ತಾರೆ. ಹೊಸ ಜಾಗದಲ್ಲಿ ರಕ್ತದ ಸಂಪರ್ಕ ಸಿಕ್ಕಷ್ಟು ಕೊಬ್ಬು ಬದುಕುತ್ತದೆ, ಉಳಿದದ್ದನ್ನು ಮೈ ಕರಗಿಸಿಬಿಡುತ್ತದೆ. ಎಷ್ಟು ಉಳಿಯುವುದೆಂದು ಮೊದಲೇ ಯಾರೂ ಕರಾರುವಾಕ್ಕಾಗಿ ಹೇಳಲಾರರು. ಅರ್ಧದಷ್ಟು ಕರಗುವುದೂ ಉಂಟು. ನಿಜವಾದ ಫಲ ಕಾಣಲು ಮೂರರಿಂದ ಆರು ತಿಂಗಳು ಬೇಕು. ಹಲವರಿಗೆ ಎರಡನೆಯ ಸಲವೂ ಬೇಕಾಗುತ್ತದೆ. ಕಸಿಯಾದ ಕೊಬ್ಬು ತನ್ನ ಮೂಲ ಗುಣವನ್ನು ಬಿಡುವುದಿಲ್ಲ. ಮುಂದೆ ಮೈ ದಪ್ಪವಾದರೆ ಅದೂ ಉಬ್ಬಬಹುದು, ಸೊರಗಿದರೆ ಅದೂ ಸೊರಗಬಹುದು. ಗೊಂಬೆಗಳು ಹಿಡಿದ ಗುಟ್ಟು ಇದೇ ಅಲ್ಲವೆ?

ಇದು ಬರಿಯ ಶೋಕಿಯ ವಿದ್ಯೆಯೆಂದು ಮೂಗು ಮುರಿಯಬಾರದು. 1893ರಲ್ಲಿ ಜರ್ಮನಿಯ ಗುಸ್ಟಾವ್ ನಾಯ್ಬರ್ ಎಂಬ ವೈದ್ಯ ತೋಳಿನ ಕೊಬ್ಬನ್ನು ತೆಗೆದು ಮುಖದಲ್ಲಿ ಒಳಗೆ ಅಂಟಿಕೊಂಡಿದ್ದ ಗಾಯದ ಕುಳಿಗೆ ಇಟ್ಟ. ಈ ವಿದ್ಯೆ ಹುಟ್ಟಿದ್ದೇ ನಮ್ಮ ಹುಡುಗಿಯಂಥವರ ಕೆನ್ನೆಗಾಗಿ. ಮೈಯಿಂದ ಕೊಬ್ಬು ಹೀರುವ ಲೈಪೊಸಕ್ಷನ್ ಪ್ರಚಾರಕ್ಕೆ ಬಂದದ್ದು 1980ರ ದಶಕದಲ್ಲಿ. ಸುಟ್ಟ ಗಾಯದ ಬಿಗಿ ಸಡಿಲಿಸಲು, ಕ್ಯಾನ್ಸರಿನಿಂದ ಸ್ತನ ಕಳೆದುಕೊಂಡವರಿಗೆ ಆಕಾರ ಕೊಡಲು ಈ ಕಸಿ ಈಗ ಬಳಕೆಯಲ್ಲಿದೆ. ವಿದ್ಯೆಯಲ್ಲಿ ದೋಷವಿಲ್ಲ, ಇರುವುದು ಆಕಳಿಕೆಯಲ್ಲಿ.

ನಾಟಕದಲ್ಲಿ ಇನ್ನೊಂದು ಸಂಗತಿಯಿದೆ. ಕುದುರೆಯ ತಲೆಯ ಹಯವದನ ಪೂರ್ಣನಾಗಬೇಕೆಂದು ಅದೇ ಕಾಳಿಯ ಬಳಿಗೆ ಹೋಗುತ್ತಾನೆ. ತನ್ನನ್ನು ಪೂರ್ಣ ಮಾಡೆಂದು ಬೇಡುತ್ತಾನೆ. ಪೂರ್ಣ ಮನುಷ್ಯನನ್ನಾಗಿ ಎಂದು ಬಾಯಿ ಬಿಡುವ ಮೊದಲೇ ದೇವಿ ವರ ಕೊಟ್ಟು ಮಾಯವಾಗುತ್ತಾಳೆ. ಅವನು ಪೂರ್ಣ ಕುದುರೆಯಾಗುತ್ತಾನೆ. ನಾನು ಈ ಸಂಗತಿಯನ್ನು ತಮಾಷೆಯೆಂದೇ ಪಾಠ ಮಾಡುತ್ತಿದ್ದೆ. ಈಗ ಓದಿದಾಗ ಎದೆ ಝಲ್ಲೆಂದಿತು. ನಮ್ಮ ಹುಡುಗಿ ಏನು ಬೇಡುತ್ತಾಳೆಂದು ನಾವು ಯಾರಾದರೂ ಅವಳ ಮಾತನ್ನು ಕೊನೆಯವರೆಗೆ ಕೇಳಿದ್ದೆವೆ?

ಮರುದಿನ ಬಸ್ಸು ಹತ್ತಿ ನರಗುಂದಕ್ಕೆ ಹೋಗಿ ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: “ಅತ್ತಿ, ಕುಳಿ ಇದ್ರ ಇರವಲ್ಲದ್ಯಾಕ. ನಗೂ ಮುಂದ ಕೆನ್ನಿ ಒಳಗ ಜಗ್ಗತೈತಿ. ಅದಕ್ಕ ನಾ ಬಾಯಿ ಮುಚ್ಚಿಕೊಂಡ ನಗತೀನಿ. ಅದೊಂದು ಸಡಲಾದ್ರ ಸಾಕು. ಆದ್ರ ಅವರಿಗೆ ಹೇಳದ ಮಾಡಿಸೂದು ನನಗ ಬ್ಯಾಡ.”

ಇಷ್ಟು ವರ್ಷ ಅವಳು ಗಂಭೀರ ಸ್ವಭಾವದವಳೆಂದು ನಾವೆಲ್ಲ ಹೊಗಳಿದ್ದೆವು!

ಯಾರಿಗೂ ಹೇಳದೆ ಎಂಬ ಮಾತೇ ನನಗೆ ಹೆಚ್ಚು ಅಂಜಿಕೆ ಹುಟ್ಟಿಸಿತ್ತು. 2022ರ ಮೇ 16ರಂದು ಬೆಂಗಳೂರಿನಲ್ಲಿ ಕಿರುತೆರೆಯ ನಟಿ ಚೇತನಾ ರಾಜ್ ಕೊಬ್ಬು ತೆಗೆಸುವ ಶಸ್ತ್ರಕ್ರಿಯೆಯ ನಂತರ ತೀರಿಕೊಂಡಳು. ವಯಸ್ಸು ಇಪ್ಪತ್ತೊಂದು. ಹೆತ್ತವರಿಗೆ ತಿಳಿಸದೆ ಹೋಗಿದ್ದಳೆಂದು ಪತ್ರಿಕೆಗಳು ಬರೆದವು. ಆ ಸಾವಿನ ಕಾರಣ ತೀರ್ಮಾನಿಸುವುದು ನನ್ನ ಕೆಲಸವಲ್ಲ. ಆದರೆ ಆ ಸುದ್ದಿ ಓದಿದ ಹೆಂಗಸರಲ್ಲಿ ಎಷ್ಟೋ ಜನ “ಯಾಕ ಬೇಕಾಗಿತ್ತು ಆಕೀಗೆ” ಎಂದದ್ದನ್ನು ಕೇಳಿದ್ದೇನೆ. ಚೆಲುವಿಲ್ಲದಿದ್ದರೆ ಆಡಿಕೊಳ್ಳುವವರೂ ನಾವೇ, ಮಾಡಿಸಿಕೊಂಡರೆ ಹಂಗಿಸುವವರೂ ನಾವೇ. ಹೀಗಿದ್ದ ಮೇಲೆ ಹುಡುಗಿಯರು ಯಾರಿಗೆ ಹೇಳಿ ಹೋಗಬೇಕು?

ನಾವು ಮೂವರೂ ಹುಬ್ಬಳ್ಳಿಗೆ ಹೋಗಿ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿ.ಎಚ್. ಮಾಡಿದ ವೈದ್ಯರೊಬ್ಬರನ್ನು ಕಂಡೆವು. ಅವರು ಅವಳನ್ನು ನಗಿಸಿ ನೋಡಿದರು. ನಿಶ್ಚಯದೊಳಗೆ ಆಗದು, ಆದರೂ ಬಾವು ಇಳಿದಿರುವುದಿಲ್ಲ ಎಂದು ನೇರವಾಗಿ ಹೇಳಿದರು. ಆಮೇಲೆ ಅವರು ಕೇಳಿದ ಪ್ರಶ್ನೆಗಳನ್ನು ಓದುಗರಿಗಾಗಿ ಬರೆಯುತ್ತಿದ್ದೇನೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಥೈರಾಯ್ಡ್ ಇದೆಯೆ? ಗಾಯವಾದರೆ ರಕ್ತ ಬೇಗ ನಿಲ್ಲುತ್ತದೆಯೆ? ಆಸ್ಪಿರಿನ್‌ನಂಥ ಗುಳಿಗೆ, ನಾಟಿ ಔಷಧಿ ಏನಾದರೂ ನಡೆದಿದೆಯೆ? ತಂಬಾಕು, ಗುಟಕಾ ಉಂಟೆ? ಇದ್ದರೆ ಕನಿಷ್ಠ ನಾಲ್ಕು ವಾರ ಮೊದಲೇ ಬಿಡಬೇಕು. ಅದು ರಕ್ತನಾಳಗಳನ್ನು ಕುಗ್ಗಿಸಿ ಕಸಿಯನ್ನು ಸಾಯಿಸುತ್ತದೆ. ಎಲೆಯಡಿಕೆಯೊಡನೆ ತಂಬಾಕು ಹಾಕುವ ನಮ್ಮ ಹೆಂಗಸರು ಇದನ್ನು ಮುಚ್ಚಿಡುತ್ತಾರೆ, ಮುಚ್ಚಿಡಬಾರದು. ಅರಿವಳಿಕೆ ಕೊಡುವವರು ಯಾರು, ಉಸಿರಿಗೆ ತೊಂದರೆಯಾದರೆ ಅಲ್ಲಿಯೇ ಏನು ವ್ಯವಸ್ಥೆಯಿದೆ ಎಂದು ನಾವು ಕೇಳಿದೆವು. ಅವರು ಬೇಸರಿಸದೆ ಉತ್ತರ ಕೊಟ್ಟರು. ಬೇಸರಿಸುವವರಿದ್ದರೆ ಎದ್ದು ಬನ್ನಿ.

ಗಂಡಿನ ಮನೆಗೆ ವಿಷಯ ತಿಳಿಸಿದೆವು. ಹುಡುಗನ ತಾಯಿ, “ಹಲ್ಲಿನ ನೋವಿಗೆ ಹೋಗೂದಿಲ್ಲೇನು, ಹಂಗ ಇದೂ” ಎಂದರು. ನಾವು ಅಷ್ಟು ದಿನ ಹೆದರಿದ್ದು ಈ ಮಾತಿಗೇ! ಕೆಟ್ಟ ಉತ್ತರ ಬಂದಿದ್ದರೂ ಅದು ಮೊದಲೇ ತಿಳಿದದ್ದು ಒಳ್ಳೆಯದೇ ಆಗುತ್ತಿತ್ತು.

ನಿಶ್ಚಯ ಕುಳಿಯೊಡನೆಯೇ ಆಯಿತು. ಆಮೇಲೆ ಶಸ್ತ್ರಕ್ರಿಯೆ. ಅಂಟಿದ್ದನ್ನು ಒಳಗೇ ಬಿಡಿಸಿ ಕೊಬ್ಬು ಇಟ್ಟರು. ಮೊದಲ ವಾರ ಕೆನ್ನೆ ಬಾತು ನೀಲಿಯಾಯಿತು. ಕೆನ್ನೆಗಿಂತ ಕೊಬ್ಬು ತೆಗೆದ ಹೊಟ್ಟೆಯೇ ಹೆಚ್ಚು ನೋಯಿತು. ಅದಕ್ಕೆ ಬಿಗಿಯಾದ ಪಟ್ಟಿ. ಆ ಮಗ್ಗುಲಾಗಿ ಮಲಗಬಾರದು, ಕೆನ್ನೆ ಒತ್ತಬಾರದು, ಆದರೆ ಮೊದಲ ದಿನದಿಂದಲೇ ಮನೆಯೊಳಗೆ ನಡೆದಾಡಬೇಕು, ಇಲ್ಲದಿದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಕಣ್ಣು ಮಂಜಾದರೆ, ಜ್ವರ ಬಂದರೆ, ಒಂದೇ ಕಾಲು ಬಾತರೆ ಒಂದು ಗಳಿಗೆಯೂ ಕಾಯಬಾರದೆಂದು ಬರೆದುಕೊಟ್ಟಿದ್ದರು. ಓಣಿಯ ಅಜ್ಜಿಯೊಬ್ಬರು ಬಾವಿಗೆ ಎಣ್ಣೆ ಹಚ್ಚಿ ತಿಕ್ಕಲು ಬಂದಾಗ ಅವರ ಕೈ ಹಿಡಿದು ಕೂರಿಸಬೇಕಾಯಿತು. ಬೇರು ಬಿಡುತ್ತಿರುವ ಸಸಿಯನ್ನು ಅಲ್ಲಾಡಿಸಬಾರದವ್ವಾ ಎಂದರೆ ಅವರಿಗೆ ತಕ್ಷಣ ತಿಳಿಯಿತು. ಬಾಣಂತನ ಮಾಡಿ ಬಲ್ಲ ನಮ್ಮ ಹೆಂಗಸರಿಗೆ ಮಾಯುವುದು ಎಂದರೇನೆಂದು ಯಾರೂ ಕಲಿಸಬೇಕಾಗಿಲ್ಲ. ಮುಖದ ವಿಷಯ ಬಂದಾಗ ಮಾತ್ರ ನಾವು ಅದನ್ನು ಮರೆತು ‘ಒಂದು ತಾಸಿನ ಕೆಲಸ’ವನ್ನು ನಂಬಿಬಿಡುತ್ತೇವೆ.

ಈಗ ಆರು ತಿಂಗಳಾಯಿತು. ಇಟ್ಟದ್ದರಲ್ಲಿ ಒಂದಿಷ್ಟು ಕರಗಿದೆ, ಕುಳಿಯ ನೆರಳು ಇನ್ನೂ ಇದೆ. ಇನ್ನೊಮ್ಮೆ ಮಾಡಿಸುವೆಯಾ ಎಂದು ಅವಳ ತಾಯಿ ಕೇಳಿದರೆ ಸಾಕು ಎನ್ನುತ್ತಾಳೆ. ಕೆನ್ನೆ ಜಗ್ಗುವುದು ನಿಂತಿದೆ. ಮೊನ್ನೆ ನಮ್ಮ ಪಡಸಾಲೆಯಲ್ಲಿ ಕುಳಿತು ಆ ಚಕ್ಕಡಿಯ ಕಥೆಯನ್ನು ನಾನೇ ಎತ್ತಿ, ಅಂಚಿಗೆ ಕೂರಿಸಿದ್ದು ನಾನು ಎಂದೆ. “ಗೊತ್ತೈತಿ ಬಿಡ್ರಿ ಅತ್ತಿ, ನಾನ ಹಟ ಮಾಡಿ ಕುಂತಿದ್ದೆ” ಎಂದು ಅವಳು ನಕ್ಕಳು. ಬಾಯಿಗೆ ಕೈ ಅಡ್ಡ ಹಿಡಿಯಲಿಲ್ಲ.