ಶುಕ್ರವಾರಪೇಟೆಯ ಒಂದು ಸಾಲು

ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರನ್ನು ನಾನು ಕಥೆ ಓದುವ ಹಾಗೆಯೇ ಓದುತ್ತೇನೆ. ಏನು ಬರೆದರು ಎನ್ನುವಷ್ಟೇ ಎಲ್ಲಿ ನಿಲ್ಲಿಸಿದರು ಎನ್ನುವುದೂ ಅದರಲ್ಲಿ ಮುಖ್ಯ. 1897ರ ಪರಿಷ್ಕೃತ ಆವೃತ್ತಿಯ ಹೊತ್ತಿಗೆ ಚನ್ನಪಟ್ಟಣ ಬೆಂಗಳೂರು ಜಿಲ್ಲೆಯ ಊರು, ಪಕ್ಕದ ರಾಮನಗರದ ಹೆಸರು ಕ್ಲೋಸ್‌ಪೇಟೆ. ಅರಗಿನ ಸಾಮಾನು, ಬೊಂಬೆ, ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ, ಗಾಜಿನ ಬಳೆ ಎಲ್ಲವೂ ಅಲ್ಲಿ ದಾಖಲಾಗಿವೆ. ಶುಕ್ರವಾರಪೇಟೆಗೆ ಬಂದಾಗ ಮಾತ್ರ ಬರಹ ಅವಸರಕ್ಕೆ ಬೀಳುತ್ತದೆ. ಲಬ್ಬೆ ಮತ್ತು ದಾಯರಾ ವರ್ಗದ ಮುಸಲ್ಮಾನರು ಅಲ್ಲಿ ಬಹಳ ಇದ್ದಾರೆ, ಪಶ್ಚಿಮ ಕರಾವಳಿಯ ಕಡೆಗೆ ವ್ಯಾಪಾರ ಮಾಡುತ್ತಾರೆ. ಇಷ್ಟು ಹೇಳಿ ಮುಂದಿನ ಊರಿಗೆ ಹೊರಟುಬಿಡುತ್ತದೆ.

ಆದರೆ ದಾಯರಾ ಎನ್ನುವುದು ಜಾತಿಯ ಹೆಸರಲ್ಲ. ಅದರ ಅರ್ಥ ವೃತ್ತ, ಆವರಣ. ಜೌನ್‌ಪುರದ ಸಯ್ಯದ್ ಮುಹಮ್ಮದರನ್ನು (1443–1505) ಮಹದಿ ಎಂದು ನಂಬಿದವರು ಒಟ್ಟಿಗೆ ಬದುಕಲು ಕಟ್ಟಿಕೊಂಡ ವಸತಿಯ ಹೆಸರದು. ಉಳಿದ ಮುಸ್ಲಿಮರು ಮಹದಿ ಇನ್ನು ಬರಬೇಕು ಎಂದುಕೊಂಡರೆ, ಇವರ ಪಾಲಿಗೆ ಅವರು ಬಂದು ಹೋಗಿಯಾಗಿದೆ. ಹಳೆಯ ದಾಯರಾಗಳಲ್ಲಿ ಒಬ್ಬ ಮುರ್ಷಿದ್ ಇರುತ್ತಿದ್ದರು. ಬಂದ ಕಾಣಿಕೆಯನ್ನು ಕೂಡಿಡದೆ ಒಳಗಿದ್ದವರಿಗೆಲ್ಲ ಸಮನಾಗಿ ಹಂಚಬೇಕಿತ್ತು. ಅದಕ್ಕೆ ಸವಿಯತ್ ಎಂದು ಹೆಸರು. ರಾತ್ರಿಯನ್ನು ಪಾಳಿಗಳಾಗಿ ಹಂಚಿಕೊಂಡು, ಯಾರಾದರೊಬ್ಬರು ಎಚ್ಚರವಾಗಿದ್ದು ಧ್ಯಾನ ಮಾಡುತ್ತಿದ್ದರು. ಅಂದರೆ ಸಮುದಾಯದ ಹೆಸರೇ ಅದರ ಸಂಘಟನೆಯ ಹೆಸರು. ಗೆಜೆಟಿಯರಿನ ಸಾಲು ಆ ಹೆಸರನ್ನು ಇಟ್ಟುಕೊಂಡು ಅರ್ಥವನ್ನು ಬಿಟ್ಟಿದೆ. ಚನ್ನಪಟ್ಟಣವೆಂದರೆ ಬೊಂಬೆ, ರಾಮನಗರವೆಂದರೆ ರೇಷ್ಮೆ ಮತ್ತು 'ಶೋಲೆ'ಯ ಬಂಡೆ ಎಂದು ಬರೆಯುವ ನಮ್ಮ ಪರಿಚಯ ಪುಸ್ತಕಗಳು ಆ ಹೆಸರನ್ನೂ ಬಿಟ್ಟಿವೆ.

ಬಿಟ್ಟದ್ದರಿಂದ ಆದ ನಷ್ಟ ಸಣ್ಣದಲ್ಲ. ಊರಿನ ಉತ್ತರಕ್ಕೆ ಅಕಿಲ್ ಶಾ ಖಾದ್ರಿಯ ಗೋರಿಯಿದೆ, ತನ್ನ ಗುರುವೆಂದು ಟಿಪ್ಪು ಕಟ್ಟಿಸಿದ್ದು. ಅದೇ ಟಿಪ್ಪು ತನ್ನ ಸೇನೆಯಲ್ಲಿದ್ದ ಮಹದವಿಗಳನ್ನು ರಾಜ್ಯದಿಂದ ಹೊರಗೆ ಹಾಕಿದ. ಹೊರಗಿನವರಿಗೆ ಇಬ್ಬರೂ ಮುಸಲ್ಮಾನರೇ. ಒಳಗೆ ನೋಡಿದರೆ ಅಲ್ಪಸಂಖ್ಯಾತರೊಳಗೆ ಇನ್ನೊಂದು ಅಲ್ಪಸಂಖ್ಯೆ. ಅಂಥವರಿಗೆ ಸಂಘಟನೆ ಎನ್ನುವುದು ಬಿಡುವಿನ ವೇಳೆಯ ಕೆಲಸವಾಗಿರಲಾರದು.

ಸಮುದಾಯದ ಸ್ವಂತ ಕಾಗದಗಳು ಉಳಿದರೆ ಚಿತ್ರ ಎಷ್ಟು ಬದಲಾಗುತ್ತದೆ ಎನ್ನುವುದಕ್ಕೆ ನಮ್ಮ ಕರಾವಳಿಯದೇ ಉದಾಹರಣೆಯಿದೆ. ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ 12ನೆಯ ಶತಮಾನದಲ್ಲಿ ಹದಿನೇಳು ವರ್ಷದಷ್ಟು ಕಾಲ ಮಂಗಳೂರಿನ ಕಡೆ ಇದ್ದ. ಅವನಿಗೆ ಬಂದ ಪತ್ರಗಳು, ಅವನ ಲೆಕ್ಕದ ಚೀಟಿಗಳು ಕೈರೋದ ಸಿನಗಾಗಿನ ಉಗ್ರಾಣದಲ್ಲಿ ಉಳಿದವು. ಅಡಿಕೆ, ಮೆಣಸು, ಕಂಚಿನ ಪಾತ್ರೆಗಳ ನಡುವೆ ಏಡನ್ನಿನ ಗೆಳೆಯರು ಕಳಿಸಿದ ಸಕ್ಕರೆ, ಒಣದ್ರಾಕ್ಷಿ, ಬರೆಯುವ ಕಾಗದವೂ ಅವುಗಳಲ್ಲಿ ಕಾಣುತ್ತವೆ. ಅಮಿತಾವ್ ಘೋಷ್ 'ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್' (1992) ಬರೆಯಲು ಸಾಧ್ಯವಾದದ್ದು ಇಂಥ ಚಿಲ್ಲರೆ ಸಂಗತಿಗಳಿಂದ. ಬೆನ್ ಯಿಜುವಿನ ಸೇವಕನ ಹೆಸರು ಬೊಮ್ಮ ಎಂದು ಗುರುತಿಸಲು ನೆರವಾದವರು ನಮ್ಮ ಬಿ.ಎ. ವಿವೇಕ ರೈ. ಗೆಜೆಟಿಯರ್ ಒಂದನ್ನೇ ನೆಚ್ಚಿದ್ದರೆ ಅವನೂ 'ಕರಾವಳಿಯೊಡನೆ ವ್ಯಾಪಾರ ಮಾಡುವ ವರ್ಗ'ದಲ್ಲಿ ಕರಗಿಹೋಗುತ್ತಿದ್ದ.

ಕಾಗದಗಳು ಕೈಗೆ ಸಿಗದಿರುವ ಕಡೆ ಆ ಕೆಲಸ ಕಥೆಯ ಮೇಲೆ ಬೀಳುತ್ತದೆ. ಬಾನು ಮುಷ್ತಾಕರ 'ಕರಿ ನಾಗರಗಳು' ಕಥೆಯನ್ನು ನಾನು ಮತ್ತೆ ಮತ್ತೆ ಓದುವುದು ಈ ಕಾರಣಕ್ಕೆ. ಗಿರೀಶ ಕಾಸರವಳ್ಳಿಯವರ 'ಹಸೀನಾ' ಸಿನಿಮಾ ಬಂದದ್ದು ಇದರಿಂದಲೇ. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಕೈಬಿಟ್ಟ ಹೆಂಗಸು ಮಕ್ಕಳೊಡನೆ ಮಸೀದಿಯ ಅಂಗಳಕ್ಕೆ ಬಂದು ನ್ಯಾಯ ಕೇಳುತ್ತ ಕೂರುತ್ತಾಳೆ. ಮುತವಲ್ಲಿ ದಿನ ತಳ್ಳುತ್ತಾನೆ. ಕಾಯಿಲೆಯ ಮಗು ಸಾಯುತ್ತದೆ. ಆಮೇಲೆ ಊರಿನ ಹೆಂಗಸರು ಮುತವಲ್ಲಿಗೆ ಹಾಕುವ ಶಾಪದಿಂದಲೇ ಕಥೆಗೆ ಹೆಸರು ಬಂದಿದೆ.

ಇದನ್ನು ಧರ್ಮದ ವಿಮರ್ಶೆ ಎಂದು ಓದುವುದು ರೂಢಿ. ನನಗೆ ಆ ಓದು ಅರ್ಧ ದಾರಿಯಲ್ಲೇ ನಿಂತಂತೆ ಕಾಣುತ್ತದೆ. ಮುತವಲ್ಲಿ ಮೌಲ್ವಿಯಲ್ಲ. ವಕ್ಫ್ ಆಸ್ತಿ ನೋಡಿಕೊಳ್ಳುವ ಹುದ್ದೆಯವನು. ನಮ್ಮ ದೇವಸ್ಥಾನದ ಧರ್ಮದರ್ಶಿ, ಸೊಸೈಟಿಯ ಅಧ್ಯಕ್ಷ ಇವರ ನೆಂಟ. ಅವನ ಅಧಿಕಾರವಿರುವುದು ಗ್ರಂಥದಲ್ಲಲ್ಲ, ಸಭೆಯನ್ನು ನಾಳೆಗೆ ಹಾಕಬಲ್ಲ ಶಕ್ತಿಯಲ್ಲಿ. ಬಾನು ಅವರು ಕಂಡದ್ದು ಈ 'ನಾಳೆ'ಯ ಕ್ರೌರ್ಯವನ್ನು. ಹಾಗೆಂದು ಆ ಹೆಂಗಸು ಪೊಲೀಸ್ ಸ್ಟೇಷನ್ನಿಗೆ ಹೋಗದೆ ಮಸೀದಿಗೇ ಬಂದದ್ದೇಕೆ? ತನಗೆ ಅಲ್ಲೊಂದು ಪಾಲಿದೆ ಎಂಬ ನಂಬಿಕೆ ಅವಳಿಗಿದೆ. ಅಂಗಳದಲ್ಲಿ ಅವಳು ಕೂತಿರುವುದು ಭಿಕ್ಷೆಗಲ್ಲ, ಲೆಕ್ಕ ಕೇಳಲು.

ಕಥೆಯ ಬಗ್ಗೆ ನನ್ನ ತಕರಾರೂ ಇಲ್ಲೇ ಇದೆ. ಆ ನಂಬಿಕೆ ಎಲ್ಲಿಂದ ಬಂತು ಎಂದು ಕಥೆ ತೋರಿಸುವುದಿಲ್ಲ. ಹೆಣಕ್ಕೆ ಸ್ನಾನ ಮಾಡಿಸುವುದು, ಗೋರಿಗೆ ಜಾಗ ಕೊಡುವುದು, ಬಡ ಹುಡುಗಿಯ ಮದುವೆಗೆ ಕಾಸು ಕೂಡಿಸುವುದು ಮುಂತಾಗಿ ಜಮಾತಿನ ದಿನನಿತ್ಯದ ಕೆಲಸಗಳು ಕಣ್ಣಿಗೆ ಬಿದ್ದಿದ್ದರೆ ಮುತವಲ್ಲಿಯ ದ್ರೋಹ ಇನ್ನೂ ಭಾರವಾಗುತ್ತಿತ್ತು. ಬೆಂಗಳೂರಿನ ಯಹೂದಿಗಳನ್ನೇ ನೋಡಿ. ಊರಲ್ಲಿ ಅವರಿಗೊಂದು ಸಿನಗಾಗ್ ಇಲ್ಲ. ಆದರೆ ಮೈಸೂರು ರಸ್ತೆಯಲ್ಲಿ 1904ರಿಂದ ಅವರದೇ ಸ್ಮಶಾನವಿದೆ, ಮಹಾರಾಜರು ಕೊಟ್ಟ ನೆಲ. ಬೆರಳೆಣಿಕೆಯ ಮನೆಗಳಿದ್ದರೂ ಹೂಳುವ ಹೊಣೆಯನ್ನು ಯಾರೋ ಹೊರಬೇಕು, ಬೀಗದ ಕೈ ಯಾರದೋ ಮನೆಯಲ್ಲಿರಬೇಕು.

ಚನ್ನಪಟ್ಟಣದ ಬಸ್ಸು ಬೆಂಗಳೂರು ಸೇರುವುದು ಅದೇ ಮೈಸೂರು ರಸ್ತೆಯಲ್ಲಿ. ಸವಿಯತ್ತಿನ ಕಾಲದ ದಾಯರಾಕ್ಕೂ ಇವತ್ತಿನ ಕಮಿಟಿ, ರಸೀದಿ ಪುಸ್ತಕಗಳ ಕಾಲಕ್ಕೂ ನಡುವೆ ಶುಕ್ರವಾರಪೇಟೆಯ ಒಂದು ಮನೆಯೊಳಗೆ ಏನೇನಾಯಿತು? ರಂಜಾನಿನ ಇಪ್ಪತ್ತೇಳನೆಯ ರಾತ್ರಿ ಗಂಡಸರು ನಮಾಜಿಗೆ ಹೊರಟ ಮೇಲೆ ಅಡುಗೆಮನೆಯಲ್ಲಿ ಉಳಿದವರು ಏನು ಮಾತಾಡಿಕೊಂಡರು? ಸಮಪಾಲು ಎನ್ನುವ ಮಾತು ಅವರ ತಟ್ಟೆಗೂ ಬಂತೆ? ಅವರಲ್ಲೊಬ್ಬಳು ಬರೆದ ಕಥೆಗಾಗಿ ನಾನಿನ್ನೂ ಹುಡುಕುತ್ತಿದ್ದೇನೆ.